ಜ್ವಾಲಾಮುಖಿ ದ್ವೀಪದ ನೆಲ ಎಷ್ಟು ಸರಿದಿದೆ? ಜಿಪಿಎಸ್‌ನಿಂದ ಅಳೆಯುವ ಸಮಗ್ರ ಮಾರ್ಗದರ್ಶಿ

2000ದ ನವೆಂಬರ್‌ನಲ್ಲಿ ಹವಾಯಿಯ ಕಿಲವೇಯಾ ಜ್ವಾಲಾಮುಖಿಯ ದಕ್ಷಿಣ ಮಗ್ಗುಲು ಸುಮಾರು 36 ಗಂಟೆಗಳಲ್ಲಿ ಸೆಂಟಿಮೀಟರ್‌ಗಳ ಲೆಕ್ಕದಲ್ಲಿ ಸಮುದ್ರದ ಕಡೆಗೆ ಜಾರಿತು. ದೊಡ್ಡ ಭೂಕಂಪವೇನೂ ಆಗಲಿಲ್ಲ, ಮೇಲೆ ವಾಸವಿದ್ದವರಿಗೆ ಏನೂ ಗೊತ್ತಾಗಲಿಲ್ಲ. ಬೆಟ್ಟದ ಇಳಿಜಾರಿನಲ್ಲಿ ಬಿಸಿಲು ಮಳೆಗೆ ಒಡ್ಡಿಕೊಂಡು ನಿಂತಿದ್ದ ಕೆಲವು ಜಿಪಿಎಸ್ ಆಂಟೆನಾಗಳು ಮಾತ್ರ ಈ ಚಲನೆಯನ್ನು ಹಿಡಿದವು. ಇಂಥ ಸದ್ದಿಲ್ಲದ ಜಾರಾಟ ಅಲ್ಲಿ ಕೆಲವು ವರ್ಷಗಳಿಗೊಮ್ಮೆ ಮರುಕಳಿಸುತ್ತದೆ ಎಂಬುದು ಆಮೇಲೆ ತಿಳಿಯಿತು.

ಈ ಅಳತೆ ಹೇಗೆ ನಡೆಯುತ್ತದೆ, ನೀವೇ ಮಾಡುವುದಾದರೆ ಎಲ್ಲಿಂದ ಶುರುಮಾಡಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಭೂವಿಜ್ಞಾನ ಅಥವಾ ಸಿವಿಲ್ ಓದುತ್ತಿರುವವರು, ಸರ್ವೆ ಕೆಲಸದಲ್ಲಿರುವವರು, ದತ್ತಾಂಶದ ಜೊತೆ ಆಡುವ ಆಸಕ್ತಿಯುಳ್ಳವರು ಮನೆಯಲ್ಲೇ ಕೂತು ಇದರ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಮಾಡಬಹುದು. ಹವಾಯಿಯ ದತ್ತಾಂಶ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ.

ಮೊದಲಿಗೆ ಒಂದು ಸಂಶಯ ಬಗೆಹರಿಸೋಣ. ನಮ್ಮ ಫೋನಿನ ಜಿಪಿಎಸ್ ಐದು ಮೀಟರ್ ಆಚೀಚೆ ತೋರಿಸುತ್ತದೆ, ಮಿಲಿಮೀಟರ್ ಹೇಗೆ ಸಾಧ್ಯ? ಫೋನು ಮುಖ್ಯವಾಗಿ ನೋಡುವುದು ಉಪಗ್ರಹ ಕಳಿಸುವ ಸಂಕೇತ ತಲುಪಲು ತೆಗೆದುಕೊಂಡ ಸಮಯವನ್ನು. ಸರ್ವೆ ದರ್ಜೆಯ ರಿಸೀವರ್ ಆ ಸಂಕೇತವನ್ನು ಹೊತ್ತು ತರುವ ರೇಡಿಯೊ ಅಲೆಯನ್ನೇ ಅಳೆಯುತ್ತದೆ. 1575.42 ಮೆಗಾಹರ್ಟ್ಸ್‌ನ ಆ ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್. ಅಲೆಯ ನೂರನೇ ಒಂದು ಭಾಗವನ್ನು ಗುರುತಿಸಿದರೂ ಎರಡು ಮಿಲಿಮೀಟರ್ ಸಿಕ್ಕಿತು. 1227.60 ಮೆಗಾಹರ್ಟ್ಸ್‌ನ ಎರಡನೇ ಅಲೆಯನ್ನೂ ಜೊತೆಗೆ ಹಿಡಿದರೆ ಅಯಾನುಗೋಳದಿಂದ (ವಾಯುಮಂಡಲದ ಮೇಲ್ಭಾಗದ ವಿದ್ಯುದಾವೇಶವುಳ್ಳ ಪದರ) ಆಗುವ ತಡವನ್ನು ಲೆಕ್ಕಹಾಕಿ ತೆಗೆದುಹಾಕಬಹುದು. ದಿನವಿಡೀ ದಾಖಲಿಸಿ ಒಂದು ಸ್ಥಾನ ಲೆಕ್ಕಹಾಕಿದರೆ ಅಡ್ಡಡ್ಡಲಾಗಿ 2–3 ಮಿಲಿಮೀಟರ್, ಎತ್ತರದಲ್ಲಿ 6–10 ಮಿಲಿಮೀಟರ್ ನಿಖರತೆ ಬರುತ್ತದೆ. ಉಪಗ್ರಹಗಳೆಲ್ಲ ನಮ್ಮ ತಲೆಯ ಮೇಲಷ್ಟೇ ಇವೆ, ಕಾಲ ಕೆಳಗಿಲ್ಲ. ಎತ್ತರದ ಅಳತೆ ಯಾವಾಗಲೂ ಒರಟಾಗಿರುವುದಕ್ಕೆ ಇದೇ ದೊಡ್ಡ ಕಾರಣ.

ಹಂತ 1: ಆಧಾರ ಬಿಂದು ಯಾವುದೆಂದು ನಿರ್ಧರಿಸಿ

ಉಪಕರಣ ಕೊಳ್ಳುವ ಮೊದಲೇ ಈ ಪ್ರಶ್ನೆಗೆ ಉತ್ತರ ಬೇಕು, ಏಕೆಂದರೆ ಮುಂದಿನ ಪ್ರತಿ ಅಂಕಿಯೂ ಇದರ ಮೇಲೆ ನಿಲ್ಲುತ್ತದೆ. ಬಯಲುನಾಡಿನಲ್ಲಿ ಸರ್ವೆ ಮಾಡುವವರು ಒಂದು ಗಟ್ಟಿ ಬೆಂಚ್‌ಮಾರ್ಕ್ ಹುಡುಕಿ, ಅದನ್ನು ಸ್ಥಿರವೆಂದು ಹಿಡಿದು, ಉಳಿದದ್ದನ್ನೆಲ್ಲ ಅದಕ್ಕೆ ಹೋಲಿಸುತ್ತಾರೆ. ಜ್ವಾಲಾಮುಖಿ ದ್ವೀಪದಲ್ಲಿ ಅಂಥ ಬೆಂಚ್‌ಮಾರ್ಕ್ ಇರುವುದಿಲ್ಲ. ಕೆರಿಬಿಯನ್‌ನ ಮಾಂಟ್ಸೆರಾಟ್ ದ್ವೀಪದ ಉದ್ದ ಬರೀ 16 ಕಿಲೋಮೀಟರ್. ಅಲ್ಲಿನ ಸೂಫ್ರಿಯೇರ್ ಹಿಲ್ಸ್ ಜ್ವಾಲಾಮುಖಿ 1995ರ ಜುಲೈನಲ್ಲಿ ಎಚ್ಚೆತ್ತಿತು. ರಾಜಧಾನಿ ಪ್ಲಿಮತ್ ಬೂದಿಯಲ್ಲಿ ಹೂತುಹೋಯಿತು. 2010ರ ಫೆಬ್ರವರಿಯಲ್ಲಿ ಲಾವಾ ಬರುವುದು ನಿಂತರೂ ದ್ವೀಪದ ನೆಲ ನಿಧಾನವಾಗಿ ಉಬ್ಬುತ್ತಲೇ ಬಂದಿದೆ. ಶಿಲಾಪಾಕದ, ಅಂದರೆ ನೆಲದಡಿಯ ಕರಗಿದ ಬಂಡೆಯ ಸಂಗ್ರಹ ಹಲವು ಕಿಲೋಮೀಟರ್ ಆಳದಲ್ಲಿರುವುದರಿಂದ ಅದರ ಪ್ರಭಾವ ದ್ವೀಪದ ಮೂಲೆಮೂಲೆಗೂ ತಲುಪುತ್ತದೆ. ಉತ್ತರ ತುದಿಯಲ್ಲಿ ಬೇಸ್ ಸ್ಟೇಷನ್ ಇಟ್ಟು ಅದು ಅಲುಗುವುದಿಲ್ಲ ಎಂದುಕೊಂಡರೆ, ಹರಿಗೋಲಿನಲ್ಲಿ ಕೂತು ಪಕ್ಕದ ಹರಿಗೋಲು ನಿಂತಿದೆಯೇ ಎಂದು ನೋಡಿದ ಹಾಗಾಯಿತು.

ಭಾರತದ ಏಕೈಕ ಸಕ್ರಿಯ ಜ್ವಾಲಾಮುಖಿ ಬ್ಯಾರನ್ ದ್ವೀಪದ ಸ್ಥಿತಿ ಇನ್ನೂ ಕಠಿಣ. ದ್ವೀಪದ ಅಗಲ ಸುಮಾರು ಮೂರು ಕಿಲೋಮೀಟರ್, ಜನವಸತಿ ಇಲ್ಲ. ದೀರ್ಘ ಮೌನದ ನಂತರ 1991ರಲ್ಲಿ ಮತ್ತೆ ಉಗುಳಲು ಶುರುಮಾಡಿತು. ಅಲ್ಲಿ ಆಂಟೆನಾ ನೆಟ್ಟರೆ ಹೋಲಿಸಲು ಸುಮಾರು 140 ಕಿಲೋಮೀಟರ್ ದೂರದ ಪೋರ್ಟ್ ಬ್ಲೇರ್ (ಈಗಿನ ಹೆಸರು ಶ್ರೀ ವಿಜಯ ಪುರಂ) ಕಡೆಗೆ ನೋಡಬೇಕು. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಪೋರ್ಟ್ ಬ್ಲೇರ್ ತಾನೇ ಸುಮಾರು ಒಂದು ಮೀಟರ್ ಕುಸಿಯಿತು. ಅಂಥ ಮಹಾಕಂಪದ ನಂತರ ನೆಲ ವರ್ಷಗಟ್ಟಲೆ ಸರಿಯುತ್ತಲೇ ಇರುತ್ತದೆ.

ಇದಕ್ಕೆ ಪರಿಹಾರವಾಗಿ ನಿಖರ ಬಿಂದು ಸ್ಥಾನ ನಿರ್ಣಯ ಎಂಬ ವಿಧಾನವಿದೆ. ಕ್ಷೇತ್ರದಲ್ಲಿ ಎಲ್ಲರೂ ಪಿಪಿಪಿ ಎಂದೇ ಕರೆಯುತ್ತಾರೆ. ಇದಕ್ಕೆ ಪಕ್ಕದ ಬೇಸ್ ಸ್ಟೇಷನ್ ಬೇಡ. ಜಗತ್ತಿನಾದ್ಯಂತದ ನೂರಾರು ಸ್ಟೇಷನ್ನುಗಳ ಸಹಾಯದಿಂದ ಲೆಕ್ಕಹಾಕಿದ ಉಪಗ್ರಹಗಳ ನಿಖರ ಕಕ್ಷೆ ಮತ್ತು ಗಡಿಯಾರದ ದೋಷವನ್ನು ಬಳಸಿ, ನಿಮ್ಮ ಒಂದೇ ಸ್ಟೇಷನ್ನಿನ ಸ್ಥಾನವನ್ನು ಇಡೀ ಭೂಮಿಯ ಚೌಕಟ್ಟಿನಲ್ಲಿ ತಿಳಿಯಬಹುದು. ದ್ವೀಪಗಳಿಗೆ ನನ್ನ ಆಯ್ಕೆ ಯಾವಾಗಲೂ ಇದೇ. ಆದರೆ ಈ ಚೌಕಟ್ಟಿನಲ್ಲಿ ಭೂಫಲಕದ (ಭೂಮಿಯ ಹೊರಪದರದ ಸರಿಯುವ ಬೃಹತ್ ತುಂಡು) ಓಟವೂ ಸೇರಿಕೊಂಡಿರುತ್ತದೆ. ಹವಾಯಿ ಪೆಸಿಫಿಕ್ ಫಲಕದ ಮೇಲೆ ಕೂತು ವರ್ಷಕ್ಕೆ ಸುಮಾರು 7 ಸೆಂಟಿಮೀಟರ್‌ನಂತೆ ವಾಯವ್ಯಕ್ಕೆ ಹೋಗುತ್ತಿದೆ. ಅದನ್ನು ಕಳೆಯದೆ ನಕಾಶೆಯ ಮೇಲೆ ಚಲನೆಯ ಬಾಣ ಬಿಡಿಸಿದರೆ ದ್ವೀಪದ ಎಲ್ಲ ಬಾಣಗಳೂ ಒಂದೇ ದಿಕ್ಕಿಗೆ ನಿಂತು, ಜ್ವಾಲಾಮುಖಿಯ ಚಲನೆ ಕಾಣುವುದೇ ಇಲ್ಲ. ಕಿಲವೇಯಾದಿಂದ ದೂರದಲ್ಲಿರುವ ಮೌನಾ ಕೇಯಾ ಶಿಖರದ ಸ್ಟೇಷನ್ನಿನ ವೇಗವನ್ನು ಅಥವಾ ಫಲಕದ ಪ್ರಕಟಿತ ವೇಗವನ್ನು ಕಳೆಯುವುದು ರೂಢಿ.

ಹಂತ 2: ಜಾಗ ಹುಡುಕಿ, ಗೂಟ ನೆಡಿ

ತೆರೆದ ಆಕಾಶ, ಗಟ್ಟಿ ಬಂಡೆ, ಕಳ್ಳಕಾಕರ ಮತ್ತು ದನಕರುಗಳ ಕಾಟವಿಲ್ಲದ ಜಾಗ. ಹೇಳುವುದು ಸುಲಭ. ಹವಾಯಿಯಂಥ ದ್ವೀಪದಲ್ಲಿ ಕಾಲ ಕೆಳಗಿನ ಕಪ್ಪು ಬಂಡೆ ನೋಡಲು ಗಟ್ಟಿಯಾಗಿದ್ದರೂ ಒಳಗೆ ಪೊಳ್ಳಾಗಿರಬಹುದು. ಹರಿಯುವಾಗ ಲಾವಾದ ಮೇಲ್ಪದರ ಮೊದಲು ತಣಿದು ಹೆಪ್ಪುಗಟ್ಟುತ್ತದೆ, ಒಳಗಿನ ಬಿಸಿ ದ್ರವ ಮುಂದಕ್ಕೆ ಹೋಗಿಬಿಡುತ್ತದೆ, ಉಳಿಯುವುದು ಚಿಪ್ಪು. ಸುತ್ತಿಗೆಯಿಂದ ತಟ್ಟಿ ನೋಡಿ. ಟಣ್ ಎಂದು ಚುರುಕಾಗಿ ಸದ್ದು ಬಂದರೆ ಬಂಡೆ ಒಂದೇ ತುಂಡು. ಮಡಕೆಯಂತೆ ಮಂದವಾಗಿ ಗುಂಯ್ಗುಟ್ಟಿದರೆ ಹತ್ತು ಹೆಜ್ಜೆ ಆಚೆ ಹೋಗಿ ಮತ್ತೆ ತಟ್ಟಿ. ಇಂಥ ಚಿಪ್ಪು ಬಿಸಿಲಿಗೆ ಹಿಗ್ಗಿ ಕುಗ್ಗಿದರೂ ಗ್ರಾಫಿನಲ್ಲಿ ಅದು ಜ್ವಾಲಾಮುಖಿಯ ಉಸಿರಾಟದಂತೆಯೇ ಕಾಣುತ್ತದೆ.

ಬಂಡೆ ಸಿಕ್ಕ ಮೇಲೆ ಡ್ರಿಲ್ ಮಾಡಿ, ತೂತಿನ ಧೂಳನ್ನು ಪೂರ್ತಿ ಊದಿ ತೆಗೆದು, ಸ್ಟೇನ್‌ಲೆಸ್ ಸ್ಟೀಲ್ ಸರಳನ್ನು ಎಪಾಕ್ಸಿಯಿಂದ ಕೂರಿಸಿ. ಆಂಟೆನಾ ನೆಲಕ್ಕೆ ತೀರಾ ಹತ್ತಿರವಿದ್ದರೆ ಬಂಡೆಯಿಂದ ಪ್ರತಿಫಲಿಸಿದ ಅಲೆಗಳು ಅಳತೆ ಕೆಡಿಸುತ್ತವೆ; ತೀರಾ ಎತ್ತರವಿದ್ದರೆ ಕಂಬ ಗಾಳಿಗೆ ತೂಗುತ್ತದೆ. ತಗಡಿನ ಶೆಡ್, ತಂತಿಬೇಲಿ, ಗಾಡಿ ನಿಲ್ಲಿಸುವ ಜಾಗ ಎಲ್ಲವೂ ದೂರವಿರಲಿ. ಸೌರಫಲಕವನ್ನು ಆಂಟೆನಾಕ್ಕಿಂತ ಕೆಳಗೆ ಇಡಿ.

ಎಷ್ಟು ಸ್ಟೇಷನ್ ಬೇಕು? ಕುಳಿಯ ಹತ್ತಿರ ಕೆಲವು, ಮಧ್ಯ ಇಳಿಜಾರಿನಲ್ಲಿ ಕೆಲವು, ಕರಾವಳಿಯಲ್ಲಿ ಒಂದೆರಡು. ಎಲ್ಲವನ್ನೂ ಕುಳಿಯ ಅಂಚಿಗೇ ಜೋಡಿಸುವ ಆಸೆ ಬೇಡ. ಹತ್ತಿರದವು ಮೇಲ್ಮಟ್ಟದ ಶಿಲಾಪಾಕವನ್ನೂ ದೂರದವು ಆಳದ್ದನ್ನೂ ತಿಳಿಸುತ್ತವೆ. ದೊಡ್ಡ ಸ್ಫೋಟದಲ್ಲಿ ಮೊದಲು ಹೋಗುವುದೂ ಹತ್ತಿರದವೇ. ಇಷ್ಟು ಮಾಡಿದರೂ ದ್ವೀಪದ ಒಂದು ಕೊರತೆ ಉಳಿಯುತ್ತದೆ: ಉಬ್ಬುವ ನೆಲದ ದೊಡ್ಡ ಭಾಗ ಸಮುದ್ರದಡಿ ಇರುತ್ತದೆ, ಅಲ್ಲಿ ಜಿಪಿಎಸ್ ಸಂಕೇತ ತಲುಪುವುದಿಲ್ಲ. ಕ್ಯಾನರಿ ದ್ವೀಪಗಳ ಎಲ್ ಹಿಯೆರೊದಲ್ಲಿ 2011ರ ಜುಲೈನಿಂದ ಭೂಕಂಪಗಳು ಶುರುವಾಗಿ ಕ್ರಮೇಣ ದಕ್ಷಿಣಕ್ಕೆ ಸರಿದು, ಕೊನೆಗೆ ಅಕ್ಟೋಬರ್‌ನಲ್ಲಿ ಸ್ಫೋಟವಾದದ್ದು ಲಾ ರೆಸ್ಟಿಂಗಾ ಊರಿನಾಚೆಯ ಕಡಲತಳದಲ್ಲಿ. ದ್ವೀಪದ ಮೇಲಿನ ಆಂಟೆನಾಗಳು ಅದನ್ನು ಒಂದೇ ಬದಿಯಿಂದ ನೋಡಬೇಕಾಯಿತು.

ಹಂತ 3: ರಿಸೀವರ್, ಆಂಟೆನಾ, ಕಾಗದ

ಎರಡು ತರಂಗಾಂತರ ಹಿಡಿಯುವ ರಿಸೀವರ್ ಕಡ್ಡಾಯ. ಈಗ ಯೂ-ಬ್ಲಾಕ್ಸ್ ಎಫ್9ಪಿಯಂಥ ಅಗ್ಗದ ಚಿಪ್‌ಗಳೂ ಈ ಕೆಲಸಕ್ಕೆ ಒದಗುತ್ತವೆ. ಹಣ ಕಡಿಮೆಯಿದ್ದರೆ ರಿಸೀವರ್‌ನಲ್ಲಿ ಉಳಿಸಿ, ಆಂಟೆನಾಕ್ಕೆ ಖರ್ಚು ಮಾಡಿ. 30 ಸೆಕೆಂಡಿಗೊಮ್ಮೆ ದಾಖಲೆ ದಿನದ ಲೆಕ್ಕಕ್ಕೆ ಸಾಕು. ಬಿಕ್ಕಟ್ಟಿನ ಸಮಯಕ್ಕೆಂದು ಸೆಕೆಂಡಿಗೊಮ್ಮೆ ದಾಖಲಿಸುವ ವ್ಯವಸ್ಥೆಯೂ ಇರಲಿ. ದಿಗಂತದಿಂದ 10–15 ಡಿಗ್ರಿಗಿಂತ ಕೆಳಗಿರುವ ಉಪಗ್ರಹಗಳನ್ನು ಲೆಕ್ಕದ ಸಮಯದಲ್ಲಿ ಬಿಡಬಹುದು, ದಾಖಲಿಸುವಾಗ ಬಿಡಬೇಡಿ. ಗಂಧಕದ ಅನಿಲ ತಾಮ್ರದ ಕನೆಕ್ಟರುಗಳನ್ನು ತಿಂದುಹಾಕುತ್ತದೆ, ಅವನ್ನು ಟೇಪಿನಿಂದ ಬಿಗಿಯಾಗಿ ಸುತ್ತಿ.

ಶಾಶ್ವತ ಸ್ಟೇಷನ್ನಿಗೆ ಹಣವಿಲ್ಲದಿದ್ದರೆ ವರ್ಷಕ್ಕೊಮ್ಮೆ ಹೋಗಿ ಪ್ರತಿ ಬೆಂಚ್‌ಮಾರ್ಕ್ ಮೇಲೆ ಟ್ರೈಪಾಡ್ ಇಟ್ಟು ಎರಡು ಮೂರು ದಿನ ದಾಖಲಿಸುವ ಕ್ರಮವೂ ಇದೆ. ಇಲ್ಲಿ ಅತಿ ಹೆಚ್ಚು ಕೆಲಸ ಕೆಡಿಸುವುದು ಆಂಟೆನಾದ ಎತ್ತರ. ನೆಟ್ಟಗೆ ಅಳೆದಿರೋ ಓರೆಯಾಗಿ ಅಳೆದಿರೋ, ಆಂಟೆನಾದ ತಳಕ್ಕೋ ಅಂಚಿಗೋ ಎಂಬುದನ್ನು ಬರೆದಿಡದಿದ್ದರೆ ಮುಂದಿನ ವರ್ಷ ಬೆಟ್ಟ ನಾಲ್ಕು ಸೆಂಟಿಮೀಟರ್ ಏರಿದಂತೆ ಕಂಡು ಎಲ್ಲರ ನಿದ್ದೆ ಹಾಳಾಗುತ್ತದೆ. ಮೂರು ಕಡೆಯಿಂದ ಅಳೆಯಿರಿ, ಮೊದಲ ದಿನವೂ ಕೊನೆಯ ದಿನವೂ ಅಳೆಯಿರಿ, ಟೇಪು ಕಾಣುವಂತೆ ಫೋಟೋ ತೆಗೆಯಿರಿ. ಒಂದೇ ಬಿಂದುವಿಗೆ ಪ್ರತಿ ವರ್ಷವೂ ಅದೇ ಆಂಟೆನಾ ಒಯ್ಯಿರಿ.

ಹಂತ 4: ಲೆಕ್ಕ

ದಾಖಲೆಯನ್ನು ಎಲ್ಲ ತಂತ್ರಾಂಶಗಳೂ ಓದಬಲ್ಲ ರೈನೆಕ್ಸ್ ಎಂಬ ಫೈಲ್ ಮಾದರಿಗೆ ಬದಲಿಸಿ. ಹೊಸಬರಿಗೆ ಕೆನಡಾ ಸರ್ಕಾರದ ಸಿಎಸ್‌ಆರ್‌ಎಸ್-ಪಿಪಿಪಿ ಸೇವೆ ಒಳ್ಳೆಯ ಆರಂಭ: ಫೈಲ್ ಕಳಿಸಿದರೆ ಲೆಕ್ಕಹಾಕಿದ ಸ್ಥಾನ ಮಿಂಚಂಚೆಗೆ ಬರುತ್ತದೆ, ಹಣ ಕೊಡಬೇಕಿಲ್ಲ. ನಿಮ್ಮ ಕಂಪ್ಯೂಟರಿನಲ್ಲೇ ಮಾಡಬೇಕೆಂದರೆ ಉಚಿತ ತಂತ್ರಾಂಶ ಆರ್‌ಟಿಕೆಲಿಬ್ ಇದೆ. ಸಂಶೋಧನಾ ಸಂಸ್ಥೆಗಳು ಗಿಪ್ಸಿಎಕ್ಸ್, ಗ್ಯಾಮಿಟ್, ಬರ್ನೀಸ್ ಬಳಸುತ್ತವೆ. ಕಕ್ಷೆಯ ಅಂತಿಮ ಮಾಹಿತಿ ಬರಲು ಎರಡು ವಾರದಷ್ಟು ಸಮಯ ಬೇಕು. ಮರುದಿನವೇ ಸಿಗುವ ತ್ವರಿತ ಕಕ್ಷೆಯಿಂದ ಮೊದಲು ಲೆಕ್ಕಹಾಕಿ, ಅಂತಿಮ ಬಂದಾಗ ಮತ್ತೆ ಹಾಕಿ.

ಇಲ್ಲಿ ಗಾಳಿಯ ತೇವಾಂಶದ ಬಗ್ಗೆ ವಿಶೇಷ ಗಮನ ಬೇಕು. ನೇರ ತಲೆಯ ಮೇಲಿಂದ ಬರುವ ಸಂಕೇತವನ್ನೂ ವಾಯುಮಂಡಲ ಸುಮಾರು 2.3 ಮೀಟರ್‌ನಷ್ಟು ತಡಮಾಡುತ್ತದೆ. ಒಣ ಗಾಳಿಯ ಪಾಲನ್ನು ಒತ್ತಡದಿಂದ ಊಹಿಸಬಹುದು, ನೀರಾವಿಯ ಪಾಲನ್ನು ಆಗುವುದಿಲ್ಲ. ಕಡಲಿನಿಂದ ಬೀಸುವ ತೇವದ ಗಾಳಿ ಬೆಟ್ಟದ ಒಂದು ಮಗ್ಗುಲಲ್ಲಿ ಮಳೆ ಸುರಿಸಿ ಇನ್ನೊಂದನ್ನು ಒಣಗಿಸುವ ದ್ವೀಪಗಳಲ್ಲಿ, ಕರಾವಳಿಯ ಸ್ಟೇಷನ್ನಿನ ಮೇಲಿನ ಗಾಳಿಗೂ ಶಿಖರದ ಮೇಲಿನ ಗಾಳಿಗೂ ಸಂಬಂಧವೇ ಇರುವುದಿಲ್ಲ. ಆದ್ದರಿಂದ ಪ್ರತಿ ಸ್ಟೇಷನ್ನಿಗೂ ಈ ತಡವನ್ನು ಸ್ಥಾನದ ಜೊತೆಗೇ ಪ್ರತ್ಯೇಕವಾಗಿ ಲೆಕ್ಕಹಾಕುವ ಆಯ್ಕೆಯನ್ನು ತಂತ್ರಾಂಶದಲ್ಲಿ ಆನ್ ಮಾಡಿ. ಎತ್ತರದಲ್ಲಿ ಮಾತ್ರ ಏರಿಳಿತ ಕಂಡು ಅಡ್ಡ ಚಲನೆ ಇಲ್ಲದಿದ್ದರೆ ಮೊದಲ ಅನುಮಾನ ಹವಾಮಾನದ ಮೇಲಿರಲಿ.

ಹಂತ 5: ಬೆಂಗಳೂರಿನಿಂದ ಅಭ್ಯಾಸ ಶುರುಮಾಡಿ

ನೆವಾಡಾ ವಿಶ್ವವಿದ್ಯಾಲಯದ ನೆವಾಡಾ ಜಿಯೋಡೆಟಿಕ್ ಲ್ಯಾಬೊರೇಟರಿ ಜಗತ್ತಿನ ಸಾವಿರಾರು ಸ್ಟೇಷನ್ನುಗಳ ದಿನದಿನದ ಸ್ಥಾನವನ್ನು ಲೆಕ್ಕಹಾಕಿ ಉಚಿತವಾಗಿ ಕೊಡುತ್ತದೆ. ಮೊದಲು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಐಐಎಸ್‌ಸಿ ಸ್ಟೇಷನ್ನಿನ ಫೈಲ್ ಇಳಿಸಿಕೊಳ್ಳಿ. ಅದು ಅಂತರರಾಷ್ಟ್ರೀಯ ಜಾಲದ ಸದಸ್ಯ. ಪೂರ್ವ, ಉತ್ತರ, ಎತ್ತರ ಮೂರನ್ನೂ ದಿನಾಂಕದ ಎದುರು ಬಿಡಿಸಿ. ಪ್ರತಿ ದಿಕ್ಕಿನ ಪೂರ್ಣಾಂಕ ಮೀಟರ್ ಒಂದು ಕಾಲಂನಲ್ಲೂ ದಶಮಾಂಶ ಇನ್ನೊಂದರಲ್ಲೂ ಇರುತ್ತದೆ, ಎರಡನ್ನೂ ಕೂಡಿಸಲು ಮರೆಯಬೇಡಿ. ಬೆಂಗಳೂರು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್‌ನಂತೆ ಈಶಾನ್ಯಕ್ಕೆ ಸಾಗುತ್ತಿರುವುದು ನೇರ ಗೆರೆಯಾಗಿ ಕಾಣುತ್ತದೆ. ಅದು ಭಾರತದ ಫಲಕದ ಓಟ. ಶಾಂತ ನೆಲದ ಗ್ರಾಫ್ ಹೇಗಿರುತ್ತದೆ ಎಂದು ಕಣ್ಣಿಗೆ ಅಭ್ಯಾಸವಾದ ಮೇಲೆ ಕಿಲವೇಯಾದ ಕುಳಿಯಂಚಿನ ಸ್ಟೇಷನ್ನುಗಳ ಫೈಲ್ ತೆರೆಯಿರಿ. 2018 ಎಲ್ಲಿದೆ ಎಂದು ಯಾರೂ ತೋರಿಸಿಕೊಡಬೇಕಿಲ್ಲ.

ಆ ವರ್ಷದ ಏಪ್ರಿಲ್ 30ರಂದು ಕಿಲವೇಯಾದ ಪೂರ್ವ ಮಗ್ಗುಲಿನ ಪುಉ ಓಓ ಕುಳಿಯ ತಳ ಕುಸಿಯಿತು. ಭೂಕಂಪಗಳು ಪೂರ್ವಕ್ಕೆ ಸಾಗಿದವು. ಮೇ 3ರಂದು ಲೇಲಾನಿ ಎಸ್ಟೇಟ್ಸ್ ಬಡಾವಣೆಯ ರಸ್ತೆಗಳು ಬಿರಿದು ಲಾವಾ ಬಂತು, ಮರುದಿನ 6.9 ತೀವ್ರತೆಯ ಭೂಕಂಪದಲ್ಲಿ ದಕ್ಷಿಣ ಮಗ್ಗುಲು ಸುಮಾರು ಅರ್ಧ ಮೀಟರ್ ಕಡಲಿನತ್ತ ಜಿಗಿಯಿತು. ಶಿಖರದಡಿಯ ಶಿಲಾಪಾಕ ಬಿರುಕುಗಳ ಕಡೆಗೆ ಬಸಿದುಹೋದಂತೆ ಕುಳಿಯ ನೆಲ ಮೇ ಮಧ್ಯದಿಂದ ಆಗಸ್ಟ್ 2ರವರೆಗೆ 62 ಬಾರಿ ಮೆಟ್ಟಿಲಿಳಿದಂತೆ ಕುಸಿದು, ಕೆಲವೆಡೆ 500 ಮೀಟರಿಗೂ ಆಳವಾಯಿತು. 700ಕ್ಕೂ ಹೆಚ್ಚು ಮನೆಗಳು ಹೋದವು. ಗ್ರಾಫಿನ ಆ ಮೆಟ್ಟಿಲುಗಳನ್ನು ನೋಡುವಾಗ ಕೆಳಗೆ ಮನೆ ಕಳೆದುಕೊಂಡವರ ನೆನಪೂ ಇರಲಿ.

ಹಂತ 6: ಜ್ವಾಲಾಮುಖಿಯದಲ್ಲದ್ದನ್ನು ತೆಗೆಯಿರಿ

ಫಲಕದ ಓಟ ಕಳೆದ ಮೇಲೂ ಗ್ರಾಫಿನಲ್ಲಿ ವರ್ಷಕ್ಕೊಮ್ಮೆ ಏರಿಳಿಯುವ ಅಲೆ ಇರುತ್ತದೆ. ಮಳೆನೀರಿನ ಭಾರ, ತಾಪಮಾನ ಇತ್ಯಾದಿ. ಒಂದು ನೇರ ಗೆರೆ, ವಾರ್ಷಿಕ ಮತ್ತು ಅರ್ಧವಾರ್ಷಿಕ ಅಲೆ, ಗೊತ್ತಿರುವ ಜಿಗಿತಗಳು ಇಷ್ಟನ್ನೂ ಒಟ್ಟಿಗೆ ಹೊಂದಿಸಿ. ಆಂಟೆನಾ ಬದಲಿಸಿದ ದಿನವೂ ಗ್ರಾಫ್ ಜಿಗಿಯುತ್ತದೆ. ಯಾವ ದಿನ ಉಪಕರಣ ಬದಲಾಯಿತು, ಯಾವ ದಿನ ಹತ್ತಿರದಲ್ಲಿ ಭೂಕಂಪವಾಯಿತು ಎಂಬ ಪಟ್ಟಿಯನ್ನು ನೆವಾಡಾ ಪ್ರಯೋಗಾಲಯವೇ ಪ್ರತ್ಯೇಕ ಫೈಲಿನಲ್ಲಿ ಇಟ್ಟಿದೆ. ಶಾಂತವಾಗಿದ್ದ ವರ್ಷಗಳಿಗೆ ಮಾತ್ರ ಇದನ್ನು ಹೊಂದಿಸಿ, ಆ ಗೆರೆಯನ್ನು ಬಿಕ್ಕಟ್ಟಿನ ಕಾಲಕ್ಕೆ ಎಳೆಯಿರಿ. ಬಿಕ್ಕಟ್ಟನ್ನೂ ಸೇರಿಸಿ ಹೊಂದಿಸಿದರೆ ನೀವು ಹುಡುಕುತ್ತಿರುವುದೇ ಗೆರೆಯೊಳಗೆ ಕರಗಿಹೋಗುತ್ತದೆ.

ಪಠ್ಯಗಳಲ್ಲಿ ಇನ್ನೊಂದು ಕ್ರಮ ಹೇಳಿರುತ್ತಾರೆ: ಎಲ್ಲ ಸ್ಟೇಷನ್ನುಗಳಲ್ಲೂ ಒಟ್ಟಿಗೆ ಕಾಣುವ ಏರಿಳಿತದ ಸರಾಸರಿ ತೆಗೆದು ಪ್ರತಿಯೊಂದರಿಂದಲೂ ಕಳೆಯಿರಿ, ಗ್ರಾಫ್ ಚೊಕ್ಕಟವಾಗುತ್ತದೆ ಎಂದು. ದೊಡ್ಡ ಭೂಖಂಡದಲ್ಲಿ ಇದು ಸರಿ. ಚಿಕ್ಕ ದ್ವೀಪದಲ್ಲಿ ದಯವಿಟ್ಟು ಮಾಡಬೇಡಿ. ಆಳದ ಶಿಲಾಪಾಕ ಇಡೀ ದ್ವೀಪವನ್ನು ಎತ್ತುತ್ತಿದ್ದರೆ ಎಲ್ಲ ಸ್ಟೇಷನ್ನುಗಳಲ್ಲೂ ಒಟ್ಟಿಗೆ ಕಾಣುವುದು ಅದೇ ಏರಿಕೆ. ಅದನ್ನೇ ಗದ್ದಲವೆಂದು ಕಳೆದು ಬಿಸಾಡಿದಂತಾಗುತ್ತದೆ. ಆ ಸರಾಸರಿ ಬೇಕೇ ಬೇಕೆಂದರೆ ನೂರಾರು ಕಿಲೋಮೀಟರ್ ದೂರದ ಬೇರೆ ದ್ವೀಪಗಳ ಸ್ಟೇಷನ್ನುಗಳಿಂದ ತೆಗೆಯಿರಿ.

ಹಂತ 7: ಬಾಣಗಳಿಂದ ಆಳಕ್ಕೆ

ನಕಾಶೆಯ ಮೇಲೆ ಪ್ರತಿ ಸ್ಟೇಷನ್ನಿನ ಅಡ್ಡ ಚಲನೆಯನ್ನು ಬಾಣವಾಗಿ ಬಿಡಿಸಿ. ಬಾಣಗಳೆಲ್ಲ ಒಂದು ಜಾಗದಿಂದ ಹೊರಕ್ಕೆ ಚಿಮ್ಮಿದಂತಿದ್ದರೆ ಅವನ್ನು ಸ್ಕೇಲಿನಿಂದ ಹಿಂದಕ್ಕೆ ಎಳೆಯಿರಿ. ಗೆರೆಗಳು ಕೂಡುವಲ್ಲಿ ಒತ್ತಡದ ಮೂಲವಿದೆ. ಆಳ ತಿಳಿಯಲು ಜಪಾನಿನ ಕಿಯೂ ಮೋಗಿ 1958ರಲ್ಲಿ ಬಳಕೆಗೆ ತಂದ ಮಾದರಿ ಸಾಕು. ನೆಲದಡಿ ಒಂದು ಸಣ್ಣ ಗೋಲ ಉಬ್ಬುತ್ತಿದೆ ಎಂದುಕೊಳ್ಳುವ ಮಾದರಿ ಅದು. ಅದರ ಸೊಗಸು ಏನೆಂದರೆ, ಅಡ್ಡ ಚಲನೆಯನ್ನು ಏರಿಕೆಯಿಂದ ಭಾಗಿಸಿದರೆ ಬರುವ ಅಂಕಿಯೂ, ಸ್ಟೇಷನ್ನಿನ ದೂರವನ್ನು ಮೂಲದ ಆಳದಿಂದ ಭಾಗಿಸಿದರೆ ಬರುವ ಅಂಕಿಯೂ ಒಂದೇ.

ಒಂದು ಲೆಕ್ಕ ಮಾಡೋಣ. ಮೂಲದ ನೆತ್ತಿಯಿಂದ 1.4 ಕಿಲೋಮೀಟರ್ ದೂರದ ಸ್ಟೇಷನ್ 2.3 ಸೆಂಟಿಮೀಟರ್ ಹೊರಕ್ಕೆ, 3.2 ಸೆಂಟಿಮೀಟರ್ ಮೇಲಕ್ಕೆ ಹೋಗಿದೆ ಎನ್ನಿ. 1.4ನ್ನು 3.2ರಿಂದ ಗುಣಿಸಿ 2.3ರಿಂದ ಭಾಗಿಸಿ. ಆಳ ಸುಮಾರು 1.95 ಕಿಲೋಮೀಟರ್. ಇದೇ ಮಾದರಿಯಲ್ಲಿ ಮುಂದುವರಿದರೆ ಮೂಲದ ಗಾತ್ರ ಹೆಚ್ಚಿದ್ದು ಸುಮಾರು ಒಂಬತ್ತೂವರೆ ಲಕ್ಷ ಘನ ಮೀಟರ್. ಈಗ ಏರಿಕೆಯ ಅಳತೆಯಲ್ಲಿ 8 ಮಿಲಿಮೀಟರ್ ತಪ್ಪಿರಬಹುದು ಎಂದು ಒಪ್ಪಿಕೊಂಡು ಮತ್ತೆ ಮಾಡಿ. ಆಳ 1.5ರಿಂದ 2.4ರವರೆಗೆ ಎಲ್ಲಿ ಬೇಕಾದರೂ ಇರಬಹುದು! ಒಂದೇ ಸ್ಟೇಷನ್ ನಂಬಬಾರದೆನ್ನುವುದು ಇದಕ್ಕೇ. ಹತ್ತು ಸ್ಟೇಷನ್ನುಗಳನ್ನು ಒಟ್ಟಿಗೆ ಹೊಂದಿಸಿದಾಗ ಈ ವ್ಯಾಪ್ತಿ ಕಿರಿದಾಗುತ್ತದೆ. ಮಾದರಿ ನೆಲವನ್ನು ಸಮತಟ್ಟೆಂದು ಭಾವಿಸುತ್ತದೆ, ದ್ವೀಪಗಳೋ ಕಡಿದಾದವು. ಗಾತ್ರದ ಅಂಕಿಯೂ ಒಳಬಂದ ಶಿಲಾಪಾಕದ ಗಾತ್ರವಲ್ಲ; ಅನಿಲದ ಗುಳ್ಳೆಗಳಿರುವ ಶಿಲಾಪಾಕ ಅದುಮಿಕೊಳ್ಳುವುದರಿಂದ ಬಂದದ್ದು ಇನ್ನೂ ಹೆಚ್ಚಿರಬಹುದು.

ಬಾಣಗಳು ಒಂದು ಗೆರೆಯ ಎರಡೂ ಬದಿಗೆ ದೂರ ಸರಿಯುತ್ತಿದ್ದು ನಡುವಿನ ನೆಲ ತುಸು ಇಳಿಯುತ್ತಿದ್ದರೆ, ಶಿಲಾಪಾಕ ಹಲಗೆಯಾಕಾರದಲ್ಲಿ ಬಂಡೆ ಸೀಳಿಕೊಂಡು ಬರುತ್ತಿದೆ. ಅಲ್ಲಿ ಗೋಲದ ಮಾದರಿ ಬಿಟ್ಟುಬಿಡಿ. 2018ರಲ್ಲಿ ಲೇಲಾನಿ ಬಳಿಯ ಒಂದು ಸ್ಟೇಷನ್ ವಾಯವ್ಯಕ್ಕೆ ಸರಿಯುತ್ತಿದ್ದುದನ್ನು ನೋಡಿಯೇ ಬಿರುಕು ಇನ್ನೂ ಅಗಲವಾಗುತ್ತಿದೆಯೇ, ನಿಂತಿತೇ ಎಂದು ವಿಜ್ಞಾನಿಗಳು ದಿನದಿನವೂ ಅಂದಾಜು ಮಾಡುತ್ತಿದ್ದರು.

ಹಂತ 8: ಅಕ್ಕಪಕ್ಕದ ಸಾಕ್ಷಿ ಕೇಳಿ

ಜಿಪಿಎಸ್ ಒಂದೊಂದು ಬಿಂದುವಿನಲ್ಲಿ ಮೂರೂ ದಿಕ್ಕಿನ ಚಲನೆ ಕೊಡುತ್ತದೆ. ಇನ್‌ಸಾರ್ ಎಂಬ ರೇಡಾರ್ ಉಪಗ್ರಹದ ಚಿತ್ರ ಇಡೀ ದ್ವೀಪವನ್ನು ಹೊದಿಸುತ್ತದೆ, ಆದರೆ ಕೆಲವು ದಿನಗಳಿಗೊಮ್ಮೆ ಮಾತ್ರ. ಟಿಲ್ಟ್‌ಮೀಟರ್ ನಿಮಿಷಗಳಲ್ಲಿ ಆಗುವ ಸೂಕ್ಷ್ಮ ಓರೆಯನ್ನು ಹಿಡಿಯುತ್ತದೆ, ಆದರೆ ದೀರ್ಘಕಾಲದ ಅಳತೆಗೆ ಅದನ್ನು ನಂಬುವಂತಿಲ್ಲ. ಭೂಕಂಪಮಾಪಕ, ಅನಿಲದ ಅಳತೆ ಸೇರಿದರೆ ಚಿತ್ರ ತುಂಬುತ್ತದೆ. ಕ್ಯಾನರಿ ದ್ವೀಪಗಳ ಲಾ ಪಾಲ್ಮಾದಲ್ಲಿ 2021ರ ಸೆಪ್ಟೆಂಬರ್ 11ರಂದು ಭೂಕಂಪಗಳ ಸರಣಿ ಶುರುವಾಯಿತು, ನೆಲ 10 ಸೆಂಟಿಮೀಟರ್‌ಗೂ ಹೆಚ್ಚು ಉಬ್ಬಿತು, 19ರಂದು ಸ್ಫೋಟವಾಯಿತು. ಗ್ರೀಸಿನ ಸ್ಯಾಂಟೊರಿನಿಯಲ್ಲಿ 2011ರ ಜನವರಿಯಿಂದ ಮುಂದಿನ ವರ್ಷದವರೆಗೆ ನೆಲ ಉಬ್ಬಿತು, ಸುಮಾರು 4 ಕಿಲೋಮೀಟರ್ ಆಳದಲ್ಲಿ ಒಂದು ಕೋಟಿ ಘನ ಮೀಟರ್‌ಗಿಂತ ಹೆಚ್ಚು ಗಾತ್ರ ಸೇರಿಕೊಂಡಿತು, ಆದರೆ ಏನೂ ಹೊರಬರಲಿಲ್ಲ. ನೆಲ ಉಬ್ಬಿದೆ ಎಂದ ಮಾತ್ರಕ್ಕೆ ಸ್ಫೋಟ ಖಚಿತವೆಂದು ಬರೆಯುವವರು ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ಹಂತ 9: ವರದಿ

ದಿನದ ಟಿಪ್ಪಣಿಯಲ್ಲಿ ಐದು ವಿಷಯ ಇರಲಿ: ಯಾವ ಸ್ಟೇಷನ್, ಎಂದಿನಿಂದ ಎಂದಿನವರೆಗೆ, ಯಾವ ದಿಕ್ಕಿಗೆ ಎಷ್ಟು, ತಪ್ಪಿನ ಅಂದಾಜು ಎಷ್ಟು, ಯಾವುದಕ್ಕೆ ಹೋಲಿಸಿದ್ದು. ತ್ವರಿತ ಕಕ್ಷೆಯಿಂದ ಬಂದ ಅಂಕಿಗೆ ತಾತ್ಕಾಲಿಕ ಎಂದು ಬರೆಯಿರಿ. ಒಂದೇ ದಿನದ ಒಂದೇ ಚುಕ್ಕೆ ಹಾರಿದ್ದರೆ ಅಧಿಕಾರಿಗಳಿಗೆ ಫೋನ್ ಮಾಡುವ ಮೊದಲು ಪಕ್ಕದ ಸ್ಟೇಷನ್ ನೋಡಿ, ಆಂಟೆನಾದ ಮೇಲೆ ಬೂದಿ ಕೂತಿದೆಯೇ ವಿಚಾರಿಸಿ, ಸಂಕೇತದ ಬಲ ಕುಗ್ಗಿದೆಯೇ ಪರೀಕ್ಷಿಸಿ. ಎರಡು ಸ್ಟೇಷನ್ನುಗಳು ಒಂದೇ ಮಾತು ಹೇಳುತ್ತಿದ್ದು ಭೂಕಂಪಗಳೂ ಅದೇ ಕಡೆ ಕೈತೋರಿಸುತ್ತಿದ್ದರೆ ಅಂತಿಮ ಕಕ್ಷೆ ಬರಲೆಂದು ಕಾಯಬೇಡಿ. ಅಷ್ಟು ಹೊತ್ತಿಗೆ ಕೈಯಲ್ಲಿರುವ ಅಂಕಿಯನ್ನು ಅದರ ತಪ್ಪಿನ ಅಂದಾಜಿನೊಂದಿಗೆ, ದ್ವೀಪದ ಜನ ಮಾತಾಡುವ ಭಾಷೆಯಲ್ಲಿ, ಊರುಗಳ ಹೆಸರು ಹೇಳಿ ತಿಳಿಸಿಬಿಡಿ.